ಹೆಡ್‌ಲ್ಯಾಂಪ್: ಹುಳು ಆರಿಸಲು ಸೈ, ಬಣ್ಣ ನೋಡಲು ಸಾಲದು

ತಲೆಗೆ ಕಟ್ಟಿಕೊಳ್ಳುವ, ಬಿಳಿ, ಹಳದಿ ಎರಡೂ ಬೆಳಕಿರುವ ಚಾರ್ಜಿಂಗ್ ಹೆಡ್‌ಲ್ಯಾಂಪ್ ಶಿರಸಿ ಪೇಟೆಯಲ್ಲಿ ಈಗ ಸುಲಭವಾಗಿ ಸಿಗುತ್ತದೆ. ಮಳೆಗಾಲದ ರಾತ್ರಿ ಅಡಕೆ ಸಸಿಮಡಿಯಲ್ಲಿ ಚಿಪ್ಪಿಲ್ಲದ ಬಸವನಹುಳು ಆರಿಸಲು ಇದು ಬಹಳ ಅನುಕೂಲ, ಎರಡೂ ಕೈ ಖಾಲಿ ಇರುತ್ತವೆ. ಆದರೂ ಐದಕ್ಕೆ ಮೂರೇ ಅಂಕ. ಉಳಿದೆರಡು ಕಳೆದದ್ದು ಬಣ್ಣದ ವಿಷಯಕ್ಕೆ: ಹುಳುವಿನ ಜಾತಿ ಗುರುತಿಸಲು ನೋಡುವ ಬಣ್ಣ ಇದರಡಿ ಬೇರೆಯಾಗಿ ಕಾಣುತ್ತದೆ.

ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕಡಿಮೆ. ಅದರಡಿ ಕಂದು ಹುಳು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಳದಿಗೆ ಬದಲಿಸಿದರೆ ಅದೇ ಹುಳು ಇಟ್ಟಿಗೆ ಬಣ್ಣ. ಮೇಲಿನ ಲೋಳೆ ಮಿರಮಿರ ಹೊಳೆದು ಬೆನ್ನಿನ ಗೆರೆಯೂ ಮುಚ್ಚಿಹೋಗುತ್ತದೆ. ಗಾಜಿನ ಮೇಲೆ ಬೆಣ್ಣೆಕಾಗದ ಒಂದು ಪದರ ಅಂಟಿಸಿ, ಆ ಹೊಳಪು ತಗ್ಗುತ್ತದೆ. ನಿಜವಾದ ಬಣ್ಣ ಬೇಕೆಂದರೆ ಹುಳುವನ್ನು ಬಿಳಿ ತಟ್ಟೆಯಲ್ಲಿಟ್ಟು ಬೆಳಿಗ್ಗೆ ನೆರಳಿನಲ್ಲಿ ನೋಡಬೇಕು. ಬರಿಗೈಯಲ್ಲಿ ಮುಟ್ಟಬೇಡಿ: ಮಿದುಳಿಗೆ ಸೋಂಕು ತರುವ ಇಲಿಯ ಶ್ವಾಸಕೋಶದ ಹುಳ ಇವುಗಳಲ್ಲಿರಬಹುದು. ಇಕ್ಕಳ ಬಳಸಿ.

ಹಗಲಲ್ಲೂ ಬಣ್ಣ ಬೇರೆ ಕಂಡಿತೆಂದು ಜಾತಿಯೇ ಬೇರೆ ಎನ್ನಬೇಡಿ. ಕಪ್ಪು ಬರುವುದು ಚರ್ಮದ ಮೆಲನಿನ್ ಎಂಬ ವರ್ಣದ್ರವ್ಯದಿಂದ, ಅದರ ಪ್ರಮಾಣ ವಂಶದಿಂದ ಬರುತ್ತದೆ, ವಯಸ್ಸಿನೊಂದಿಗೆ ಬದಲಾಗುತ್ತದೆ. ಯುರೋಪಿನ ಏರಿಯನ್ ಎಂಬ ಕುಲದ ದೊಡ್ಡ ಹುಳುಗಳಲ್ಲಿ ಮರಿಗಳು ಮಾಸಲು, ಬೆಳೆದವು ಕಡುಗಪ್ಪಿನಿಂದ ಇಟ್ಟಿಗೆಗೆಂಪಿನವರೆಗೆ. ಅದೇ ಕುಲದ ಇನ್ನೊಂದು ಗುಂಪಿನಲ್ಲಿ ತಿಂದ ಆಹಾರಕ್ಕೆ ತಕ್ಕಂತೆ ಮೈಬಣ್ಣ ಬದಲಾದದ್ದು ಪ್ರಯೋಗದಲ್ಲಿ ಕಂಡು, ಬಣ್ಣ ನೋಡಿ ಜಾತಿ ಹೇಳುವುದೇ ಪ್ರಶ್ನೆಗೆ ಬಿತ್ತು. ಹುಳು ಮುದುಡಿದಾಗ ಗಾಢ, ಚಾಚಿಕೊಂಡಾಗ ತಿಳಿ, ಇದಂತೂ ಒಂದೇ ಹುಳುವಿನಲ್ಲಿ ನಿಮಿಷದೊಳಗೆ ಕಾಣುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಮಗುಚಿ ಹಾಕಿ ಅಡಿಯನ್ನು ನೋಡಿ. ಆಫ್ರಿಕಾದಿಂದ ಬಂದು ಹಲವೆಡೆ ಹರಡಿದ ಲೇವಿಕಾಲಿಸ್ ಆಲ್ಟೆ ಎಂಬ ಜಾತಿಯ ಪಾದ ಬಲಿತ ಮೇಲೂ ನಾಲ್ಕೈದು ಮಿಲಿಮೀಟರ್ ಅಗಲದ ಪಟ್ಟಿಯಷ್ಟೆ, ಬೆನ್ನ ನಡುವೆ ತಿಳಿ ಗೆರೆ. ನಮ್ಮ ಘಟ್ಟದ ಮೇರಿಯೆಲ್ಲಾ ಎಂಬ ಹುಳುವಿಗೆ ಬೆನ್ನ ಮೇಲಿನ ಹೊದಿಕೆಯಡಿ ಕಿರು ಚಿಪ್ಪಿರುತ್ತದೆ. ಇಷ್ಟಕ್ಕೆ ಈ ಲ್ಯಾಂಪಿನ ಬೆಳಕು ಧಾರಾಳ.

ಕೊಳ್ಳುವಾಗ ಪೊಟ್ಟಣದ ಮೇಲೆ ಐಪಿಎಕ್ಸ್4 (ನೀರು ತಡೆಯುವ ಮಟ್ಟದ ಗುರುತು) ಎಂದಿದ್ದರೆ ಅದು ಎರಚುವ ನೀರನ್ನು ತಡೆಯುತ್ತದೆ, ಬಸಿಗಾಲುವೆಗೆ ಬಿದ್ದರೆ ಉಳಿಯುವ ಖಾತ್ರಿಯಿಲ್ಲ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಬಿಗಿಯಾಗಿದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ಒದ್ದೆಯಾಗಿದ್ದರೆ ಕಿಂಡಿ ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಹಾಕಿ.