ಹಳೆ ಥಯೋಕಾಲ್ ಸ್ಪ್ರೈಟ್‌ಗೆ ‘ರೀಬಿಲ್ಟ್’ ಡಿಫರೆನ್ಷಿಯಲ್: ಕೆಲವು ಚಳಿಗಾಲ ಓಡಿಸಿದ ಮೇಲೆ

ಮಾರಿದವರಿಗೆ ಒಂದು ಸ್ಟಾರ್; ತರಿಸಿದ ಮಾಲಿಗೆ, ಅಂದರೆ ಎಂಜಿನ್ ಶಕ್ತಿಯನ್ನು ಗಾಡಿಯ ಎರಡೂ ಬದಿಗೆ ಹಂಚುವ ಡಿಫರೆನ್ಷಿಯಲ್ ಎಂಬ ಗೇರ್ ಪೆಟ್ಟಿಗೆಗೆ, ನಾಲ್ಕು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಮಾಲಿಗೆ ಅನ್ಯಾಯ, ಹಾಗಾಗಿ ಬೇರೆ ಬೇರೆ ಹೇಳುತ್ತೇನೆ.

ನಾವಿರುವುದು ಯೂಟಾದ ಉತ್ತರದಲ್ಲಿ. ಗುಡ್ಡದ ಮೇಲಿನ ಕ್ಯಾಬಿನ್ನಿಗೆ ಹೋಗುವ ದಾರಿಯ ಹಿಮವನ್ನು ಚಳಿಗಾಲದಲ್ಲಿ ಯಾರೂ ತೆಗೆಯುವುದಿಲ್ಲ. ಹೊಸ ಸ್ನೋಕ್ಯಾಟ್ (ಚಕ್ರದ ಬದಲು ಟ್ರ್ಯಾಕ್ ಎಂಬ ಅಗಲ ಪಟ್ಟಿಗಳ ಮೇಲೆ ಓಡುವ ಹಿಮದ ಗಾಡಿ) ಬೆಲೆ ಕೇಳಿದರೆ ಊರಲ್ಲಿ ಅಡಿಕೆ ತೋಟ ಕೊಳ್ಳುವುದೇ ವಾಸಿ ಅನ್ನಿಸುತ್ತದೆ. ಆದ್ದರಿಂದ ಥಯೋಕಾಲ್ ಕಂಪನಿಯ ಎಪ್ಪತ್ತರ ದಶಕದ ಸ್ನೋಕ್ಯಾಟ್, ಸ್ಪ್ರೈಟ್. ಹೌದು, ಸ್ಪೇಸ್ ಶಟಲ್‌ನ ಬೂಸ್ಟರ್ ಮಾಡಿದ ಅದೇ ಥಯೋಕಾಲ್; ಹಿಮದ ಗಾಡಿಗಳನ್ನು ಇಲ್ಲೇ ಲೋಗನ್‌ನಲ್ಲಿ ಮಾಡುತ್ತಿದ್ದರು. 1978ರಲ್ಲಿ ಆ ವಿಭಾಗ ಕಾರು ಉದ್ಯಮಿ ಜಾನ್ ಡೆಲೋರಿಯನ್ ಕೈಗೆ ಹೋಯಿತು, ಆಮೇಲೆ ಎಲ್‌ಎಂಸಿ ಎಂದಾಯಿತು, 2000ದಲ್ಲಿ ಮುಚ್ಚಿತು. ಈಗ ಪಾರ್ಟ್ ಬೇಕೆಂದರೆ ಹಳೆ ಗಾಡಿ ಬಿಚ್ಚಿ ಮಾರುವವರೇ ಗತಿ.

ನನ್ನ ಗಾಡಿಯ ಮೂಲ ಡಿಫರೆನ್ಷಿಯಲ್‌ಗೆ ಹಿಂದಿನ ಮಾಲೀಕರ ಕಾಲದಲ್ಲೇ ನೀರು ಸೇರಿ, ಕ್ರೌನ್ ವೀಲಿನ (ಒಳಗಿನ ದೊಡ್ಡ ಗೇರಿನ) ಹಲ್ಲುಗಳು ತುಕ್ಕಿಗೆ ಗುಳಿ ಬಿದ್ದಿದ್ದವು. ಅದರ ಬದಲಿಗೆ ತರಿಸಿದ್ದು ಓಸಿ-12 ಮಾದರಿಯ ಈ ಡಿಫರೆನ್ಷಿಯಲ್. ‘ಪೂರ್ತಿ ರೀಬಿಲ್ಟ್’, ಅಂದರೆ ಬಿಚ್ಚಿ ಸವೆದದ್ದನ್ನೆಲ್ಲ ಬದಲಿಸಿ ಕಟ್ಟಿದ್ದು, ಅಂದಿದ್ದರು. ಬಂದಾಗ ಪೇಂಟ್ ಮಾತ್ರ ಮದುಮಗನ ಹಾಗೆ ಮಿಂಚುತ್ತಿತ್ತು. ಗಾಡಿಗೆ ಕೂರಿಸುವ ಮೊದಲು ಮೇಲಿನ ಮುಚ್ಚಳ ತೆಗೆದೆ. ಎಡಗಡೆ ಬ್ರೇಕ್ ಬ್ಯಾಂಡಿನ (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಯ) ಲೈನಿಂಗ್, ಅಂದರೆ ಉಜ್ಜುವ ಪದರ, ರಿವೆಟ್‌ವರೆಗೆ ಸವೆದಿದೆ! ಅದು ಗೊತ್ತಾಗದಿರಲೆಂದು ಅಡ್ಜಸ್ಟರನ್ನು ಕೊನೆಯವರೆಗೆ ಬಿಗಿದಿದ್ದಾರೆ. ಫೋನ್ ಮಾಡಿದರೆ, ತೆಗೆಯುವಾಗ ಓಡುತ್ತಿತ್ತಲ್ಲ ಎಂಬ ಉತ್ತರ. ಓಡುವುದು ಬೇರೆ, ತಿರುಗುವುದು ಬೇರೆ ಸ್ವಾಮಿ.

ಈ ಗಾಡಿ ತಿರುಗುವುದೇ ಡಿಫರೆನ್ಷಿಯಲ್ ಒಳಗಿನ ಆ ಎರಡು ಬ್ಯಾಂಡುಗಳಿಂದ. ಎಡ ಲಿವರ್ ಎಳೆದರೆ ಎಡಗಡೆಯ ಡ್ರಮ್ಮನ್ನು ಬ್ಯಾಂಡ್ ಹಿಡಿಯುತ್ತದೆ. ಎಡ ಟ್ರ್ಯಾಕ್ ನಿಧಾನವಾಗುತ್ತದೆ, ಬಲದ್ದು ಅಷ್ಟೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಎರಡೂ ಲಿವರ್ ಒಟ್ಟಿಗೆ ಎಳೆದರೆ ಅದೇ ಬ್ರೇಕ್. ಕ್ಲೆಟ್ರಾಕ್ ಕಂಪನಿಯ, ಟ್ರ್ಯಾಕ್ ಮೇಲೆ ಓಡುವ ಕ್ರಾಲರ್ ಟ್ರ್ಯಾಕ್ಟರ್‌ಗಳಿಂದ ಬಂದ ಉಪಾಯ ಇದು, ಎರಡನೇ ಮಹಾಯುದ್ಧದ ಶೆರ್ಮನ್ ಟ್ಯಾಂಕ್ ತಿರುಗುತ್ತಿದ್ದದ್ದೂ ಹೀಗೆಯೇ.

ಮಲೆನಾಡಿನಲ್ಲಿ ಪವರ್ ಟಿಲ್ಲರ್ ಹೊಡೆದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಟಿಲ್ಲರಿನಲ್ಲಿ ಎಡ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ನಿನ ಸಂಬಂಧವೇ ಕಡಿಯುತ್ತದೆ. ಸಪಾಟು ಗದ್ದೆಯಲ್ಲಿ ಸರಿ. ಇಳಿಜಾರಿನಲ್ಲಿ ಆ ಚಕ್ರ ತನ್ನಷ್ಟಕ್ಕೆ ಉರುಳಿ ಮುಂದೋಡಿ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. “ಇಳಿಜಾರಲ್ಲಿ ಉಲ್ಟಾ ಹಿಡಿ ಮಾರಾಯ” ಎಂದು ಅಣ್ಣ ಗದ್ದೆ ಅಂಚಿನಿಂದ ಕೂಗುತ್ತಿದ್ದ. ಸ್ಪ್ರೈಟ್‌ನಲ್ಲಿ ಆ ಗೊಡವೆಯಿಲ್ಲ. ಏರಿರಲಿ ಇಳಿಕೆಯಿರಲಿ, ಎಳೆದ ಕಡೆಗೇ ತಿರುಗುತ್ತದೆ. ಎರಡೂ ಟ್ರ್ಯಾಕಿಗೆ ಶಕ್ತಿ ಹೋಗುತ್ತಲೇ ಇರುವುದರಿಂದ, ಪುಡಿ ಹಿಮದಲ್ಲಿ ತಿರುಗುವಾಗ ಒಂದು ಟ್ರ್ಯಾಕ್ ಸತ್ತು ನಿಂತು ಗಾಡಿ ಹೂತುಹೋಗುವ ಭಯವೂ ಕಡಿಮೆ.

ಸಿಟ್ಟು ಇಳಿಯತೊಡಗಿದ್ದು ರಿಪೇರಿಗೆ ಕೂತ ಮೇಲೆ. ಬೇರಿಂಗ್ ಮೇಲಿನ ನಂಬರ್ ಒರೆಸಿ ಓದಿಕೊಂಡು ಹೋದರೆ, ಸಾಮಾನ್ಯ ಬೇರಿಂಗ್ ಅಂಗಡಿಯಲ್ಲೇ ಸಿಕ್ಕಿತು. ಆಯಿಲ್ ಸೀಲೂ ಹಾಗೆಯೇ, ಅಳತೆ ಕೊಟ್ಟರೆ ಸಾಕು. ಬ್ಯಾಂಡುಗಳಿಗೆ ಹೊಸ ಲೈನಿಂಗ್ ಹಾಕಿಕೊಟ್ಟದ್ದು ಲಾರಿ ಕ್ಲಚ್ ರಿಪೇರಿ ಮಾಡುವ ಒಂದು ಸಣ್ಣ ಶಾಪ್. ಆಯಿಲ್‌ನಲ್ಲಿ ಮುಳುಗಿರುವ ಬ್ಯಾಂಡ್ ಎಂದು ಮೊದಲೇ ಹೇಳಬೇಕು, ಒಣ ಬ್ರೇಕಿನ ಲೈನಿಂಗ್ ಇಲ್ಲಿ ನಡೆಯುವುದಿಲ್ಲ. ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್, ಇವುಗಳ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬರುವವರೆಗೆ ಶಿಮ್ (ಸಂದಿಗೆ ಇಡುವ ತೆಳು ತಗಡು) ಬದಲಿಸುತ್ತಾ ಕೂರುವುದಿದೆಯಲ್ಲ, ಆ ಕೆಲಸದಲ್ಲಿ ಇಷ್ಟು ಸುಖ ಇದೆ ಅಂದುಕೊಂಡಿರಲಿಲ್ಲ. ಎತ್ತಿ ಕೂರಿಸುವುದಕ್ಕೆ ಚೈನ್ ಪುಲ್ಲಿ ಬೇಕೇ ಬೇಕು, ಕೈಯಲ್ಲಿ ಆಗುವ ಭಾರವಲ್ಲ.

ಆಯಿಲ್ ವಿಷಯಕ್ಕೆ ಫೋನಿನಲ್ಲಿ ಅಣ್ಣನ ಜೊತೆ ಜಗಳವೇ ಆಯಿತು. ಡಿಫರೆನ್ಷಿಯಲ್ ಅಂದಮೇಲೆ ಗೇರ್ ಆಯಿಲ್ ಅಲ್ಲವೇನೋ ಎಂಬುದು ಅವನ ವಾದ. ಆದರೆ ಅದರ ಜಾರುವ ಗುಣವೇ ಇಲ್ಲಿ ಶತ್ರು, ಬ್ಯಾಂಡ್ ಡ್ರಮ್ಮನ್ನು ಹಿಡಿಯಬೇಕಲ್ಲ. ನಾನು ಹಾಕುವುದು ಆಯಿಲ್ ಬ್ರೇಕ್ ಇರುವ ಟ್ರ್ಯಾಕ್ಟರಿಗೆ ಹಾಕುವಂಥದ್ದನ್ನೇ. ಹಾಗೆಂದಾಗ ಒಪ್ಪಿದ, ಅವನ ಟ್ರ್ಯಾಕ್ಟರಿನಲ್ಲೂ ಅದೇ ಇದೆ.

ಈಗ ಓಡಿಸಿ ಬಂದ ಪ್ರತಿ ಸಂಜೆಯ ಕೆಲಸ: ಗ್ಲೌಸ್ ತೆಗೆದು ಡಿಫರೆನ್ಷಿಯಲ್ಲಿನ ಹೌಸಿಂಗ್ (ಹೊರಕವಚ) ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಕಾದಿದ್ದರೆ ಯಾವುದೋ ಬ್ಯಾಂಡ್ ಲಿವರ್ ಬಿಟ್ಟಮೇಲೂ ಉಜ್ಜುತ್ತಿದೆ ಎಂದರ್ಥ. ಆಮೇಲೆ ಎರಡೂ ಲಿವರ್ ಎಳೆದು ಸಡಿಲು ಸಮ ಇದೆಯಾ ನೋಡುವುದು. ಆಗಾಗ ಕೆಳಗಿನ ಡ್ರೈನ್ ಬೋಲ್ಟ್ ಸಡಿಲಿಸಿ ಒಂದಿಷ್ಟು ಲೋಟಕ್ಕೆ ಬಿಡುತ್ತೇನೆ. ತಳದಲ್ಲಿ ನೀರಿದ್ದರೆ ಅದೇ ಮೊದಲು ಬರುತ್ತದೆ. ಬೆಳಗ್ಗೆ ಮಾಡಿದರೆ ಪ್ರಯೋಜನವಿಲ್ಲ, ಆ ಹೊತ್ತಿಗೆ ನೀರು ತಳದಲ್ಲೇ ಮಂಜುಗಡ್ಡೆಯಾಗಿರುತ್ತದೆ.

ಕೊರತೆ ಇಲ್ಲವೆಂದಲ್ಲ. ನಿಂತಲ್ಲೇ ಗಿರಕಿ ಹೊಡೆಯಲು ಇದಕ್ಕೆ ಬರುವುದಿಲ್ಲ. ಲಿವರ್ ಎಷ್ಟೇ ಎಳೆದರೂ ಒಳಗಿನ ಗೇರು ನಿಗದಿ ಮಾಡಿದ್ದಕ್ಕಿಂತ ಚಿಕ್ಕ ಸುತ್ತು ಸಿಗದು. ಇಕ್ಕಟ್ಟಿನ ಮರಗಳ ನಡುವೆ ಹಿಂದೆ ಮುಂದೆ ಮಾಡುವಾಗ ಬೈಗುಳ ಬಾಯಿಗೆ ಬರುತ್ತದೆ, ಅದೂ ಅಪ್ಪಟ ಕನ್ನಡದಲ್ಲಿ.

ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಅಭ್ಯಾಸವಿದ್ದರೆ ಹಳೆ ಯೂನಿಟ್ ಕಡಿಮೆ ಬೆಲೆಗೆ ತಂದು ನೀವೇ ಬಿಚ್ಚಿ ಕಟ್ಟಿ. ‘ರೀಬಿಲ್ಟ್’ಗೇ ದುಡ್ಡು ಕೊಡುವುದಾದರೆ, ಮುಚ್ಚಳ ತೆಗೆದು ಎರಡೂ ಬ್ಯಾಂಡುಗಳ ಫೋಟೋ, ಅಡ್ಜಸ್ಟರಿನಲ್ಲಿ ಬಿಗಿಯಲು ಇನ್ನೆಷ್ಟು ಥ್ರೆಡ್ ಉಳಿದಿದೆ ಎಂಬುದೂ ಕಾಣುವಂತೆ, ಮೊದಲು ಕೇಳಿ. ಹೊರಗಿನ ಪೇಂಟಿನ ಫೋಟೋ ಕಳಿಸಿದರೆ ಬೇರೆಯವರನ್ನು ಹುಡುಕಿ.