ಅಕ್ರಿಲಿಕ್ ಬಣ್ಣಕ್ಕೆ ವೆಟ್ ಪ್ಯಾಲೆಟ್: ಕೊಳ್ಳಬೇಕೇ, ಮನೆಯಲ್ಲೇ ಮಾಡಿಕೊಳ್ಳಬೇಕೇ?

ಅಕ್ರಿಲಿಕ್‌ನಲ್ಲಿ ಚಿತ್ರ ಬರೆಯುವವರಿಗೆ ಬಣ್ಣಕ್ಕಿಂತ ಹೆಚ್ಚಾಗಿ ಸಾಲದೆ ಹೋಗುವುದು ಹೊತ್ತು. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಫ್ಯಾನಿನಡಿ ಕೂತು ಪ್ಲಾಸ್ಟಿಕ್ ಪ್ಯಾಲೆಟ್ (ಬಣ್ಣ ಬೆರೆಸುವ ತಟ್ಟೆ) ಮೇಲೆ ಕಡಲೆಕಾಳಿನಷ್ಟು ಬಣ್ಣ ಹಿಂಡಿ ನೋಡಿ. ಹತ್ತು ನಿಮಿಷದೊಳಗೆ ಅದರ ಮೇಲೆ ಕೆನೆ ಕಟ್ಟಿರುತ್ತದೆ. ಆ ಕೆನೆಯ ಚೂರೊಂದು ಬ್ರಷ್ಷಿಗೆ ಹತ್ತಿ ಕ್ಯಾನ್ವಾಸ್ ಸೇರಿದರೆ ನುಣುಪಾಗಿ ಬಂದಿದ್ದ ಆಕಾಶದ ನಡುವೆ ಒಂದು ಗಂಟು ಉಳಿಯುತ್ತದೆ. ವೆಟ್ ಪ್ಯಾಲೆಟ್ ಇರುವುದೇ ಈ ತೊಂದರೆಗೆ.

ಅಕ್ರಿಲಿಕ್ ಬಣ್ಣವೆಂದರೆ ನೀರಿನಲ್ಲಿ ತೇಲುವ ಪಾಲಿಮರ್ ಕಣಗಳು ಮತ್ತು ವರ್ಣದ ಪುಡಿ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ, ಆಮೇಲೆ ಎಷ್ಟು ನೀರು ಹಾಕಿದರೂ ಅದು ಕರಗುವುದಿಲ್ಲ. ಹಾಗಾಗಿ ಒಣಗಿದ ಮೇಲೆ ನೀರು ಚಿಮುಕಿಸಿ ಪ್ರಯೋಜನವಿಲ್ಲ; ಆರಿಹೋಗುವ ನೀರನ್ನು ಕೆಳಗಿನಿಂದ ತುಂಬಿಸುತ್ತಲೇ ಇರಬೇಕು. ವೆಟ್ ಪ್ಯಾಲೆಟ್‌ನಲ್ಲಿರುವುದು ಮೂರೇ ಭಾಗ: ಗಾಳಿಯಾಡದ ಡಬ್ಬಿ, ಒದ್ದೆ ಸ್ಪಾಂಜ್, ಅದರ ಮೇಲೊಂದು ವಿಶೇಷ ಕಾಗದ. ಕಾಗದ ನೀರನ್ನು ನಿಧಾನವಾಗಿ ಮೇಲಕ್ಕೆ ಬಿಡುತ್ತದೆ, ಬಣ್ಣವನ್ನು ಕೆಳಕ್ಕೆ ಬಿಡುವುದಿಲ್ಲ.

ರೆಡಿಮೇಡ್ ಡಬ್ಬಿಗಳಲ್ಲಿ ಚಿತ್ರಕಾರರ ನಡುವೆ ಬಹುಕಾಲದಿಂದ ಹೆಸರಿರುವುದು ಅಮೆರಿಕದ ಮಾಸ್ಟರ್‌ಸನ್ ಕಂಪನಿಯ ಸ್ಟಾ-ವೆಟ್. ಅದರ ದೊಡ್ಡ ಮಾದರಿ 12x16 ಇಂಚು. ಈ ಅಗಲವೇ ಅದರ ದೊಡ್ಡ ಗುಣ. ಹಿಂಡಿದ ಬಣ್ಣಗಳನ್ನು ಅಂಚಿನುದ್ದಕ್ಕೂ ಸಾಲಾಗಿ ಇಟ್ಟು, ನಡುವಿನ ಜಾಗವನ್ನೆಲ್ಲ ಬೆರೆಸಲು ಬಿಟ್ಟುಕೊಳ್ಳಬಹುದು. ಸ್ಪಾಂಜ್ ಡಬ್ಬಿಯ ತಳಕ್ಕೆ ಸರಿಯಾಗಿ ಕೂರುತ್ತದೆ. ಕಾಗದವನ್ನು ಮೊದಲ ಸಲ ಬಳಸುವ ಮುಂಚೆ ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಲೇಬೇಕು. ತಣ್ಣೀರಿನಲ್ಲಿ ಅದ್ದಿ ತೆಗೆದು ಹಾಸಿದರೆ ನೀರು ಸರಿಯಾಗಿ ಏರುವುದಿಲ್ಲ, ಅಂಚು ಸುರುಳಿಯಾಗುತ್ತದೆ. ಆಮೇಲೆ ಜನ ಬೈಯುವುದು ಡಬ್ಬಿಯನ್ನು.

ಎಲ್ಲ ಕೆಲಸವೂ ನಿಂತಿರುವುದು ಸ್ಪಾಂಜಿನ ಹದದ ಮೇಲೆ. ಪೂರ್ತಿ ನೆನೆಸಿ, ನಂತರ ಸ್ವಲ್ಪ ಹಿಂಡಿ. ಬೆರಳಿನಿಂದ ಒತ್ತಿದಾಗ ಬೆರಳ ಸುತ್ತ ನೀರು ಮೇಲೆ ಬರಬೇಕು, ಬೆರಳೆತ್ತಿದ ಕೂಡಲೇ ಒಳಗೆ ಇಳಿಯಬೇಕು. ನೀರು ಮೇಲೆ ನಿಂತೇ ಇದ್ದರೆ ಹೆಚ್ಚಾಗಿದೆ ಎಂದರ್ಥ. ಅರ್ಧ ಗಂಟೆಯಲ್ಲಿ ಬಣ್ಣದ ಅಂಚು ಕರಗಿ ಪಕ್ಕದ ಬಣ್ಣಕ್ಕೆ ಹರಿಯುತ್ತದೆ, ಹಳದಿ ನೀಲಿಗೆ ತಾಗಿ ಬೇಡದ ಹಸಿರು ಹುಟ್ಟುತ್ತದೆ. ಕಾಗದ ಹಾಸಿದ ಮೇಲೆ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಗಾಳಿಗುಳ್ಳೆ ತೆಗೆಯಿರಿ. ಗುಳ್ಳೆ ಉಳಿದ ಕಡೆ ಕಾಗದ ಸ್ಪಾಂಜನ್ನು ಮುಟ್ಟುವುದಿಲ್ಲ, ಬಣ್ಣ ಮೊದಲು ಒಣಗುವುದು ಅಲ್ಲೇ. ಕೆಲಸದ ನಡುವೆ ನೀರು ಬೇಕೆನಿಸಿದರೆ ಬಣ್ಣದ ಮೇಲೆ ಸಿಂಪಡಿಸಬೇಡಿ; ಕಾಗದದ ಮೂಲೆಯೆತ್ತಿ ಸ್ಪಾಂಜಿಗೆ ಎರಡು ಚಮಚ ಹಾಕಿ.

ಇದರಿಂದ ನಿಜವಾಗಿ ಬದಲಾಗುವುದು ಚಿತ್ರ ಕಟ್ಟುವ ಕ್ರಮ. ಸಾಮಾನ್ಯ ಪ್ಯಾಲೆಟ್‌ನಲ್ಲಿ ಬೇಕಾದಾಗ ಬೇಕಾದಷ್ಟೇ ಬೆರೆಸುತ್ತೇವೆ, ಹಾಗಾಗಿ ಪ್ರತಿ ಸಲವೂ ಬಣ್ಣ ಕೊಂಚ ಬೇರೆಯಾಗುತ್ತದೆ. ಇಲ್ಲಿ ಬ್ರಷ್ ಎತ್ತುವ ಮೊದಲೇ ಇಡೀ ಚಿತ್ರದ ನೆರಳು–ಬೆಳಕನ್ನು ಬೆರೆಸಿ ಇಟ್ಟುಕೊಳ್ಳಬಹುದು. ಹಂಪಿಯ ಬಂಡೆಗಳ ಮೇಲೆ ಸಂಜೆಬಿಸಿಲು ಬಿದ್ದಿರುವ ಚಿತ್ರ ಎನ್ನಿ. ಎರಡು ಪಾಲು ಬರ್ನ್ಟ್ ಸಿಯೆನ್ನಾ (ಕೆಂಗಂದು), ಒಂದು ಪಾಲು ಅಲ್ಟ್ರಾಮರೀನ್ (ಗಾಢ ನೀಲಿ) ಬೆರೆಸಿದರೆ ಕಂದುಗಪ್ಪು ಬರುತ್ತದೆ. ಅದನ್ನು ಮೂರು ಗುಡ್ಡೆ ಮಾಡಿ. ಮೊದಲನೆಯದಕ್ಕೆ ಇನ್ನಷ್ಟು ಅಲ್ಟ್ರಾಮರೀನ್, ಬಂಡೆಗಳ ಸಂದಿನ ನೆರಳಿಗೆ. ಎರಡನೆಯದಕ್ಕೆ ಟೈಟಾನಿಯಂ ವೈಟ್, ಬಂಡೆಯ ಮೈಯ ಬೂದುಬಣ್ಣಕ್ಕೆ. ಮೂರನೆಯದಕ್ಕೆ ಬಿಳಿಯ ಜೊತೆ ಯೆಲ್ಲೊ ಓಕರ್ (ಮಣ್ಣುಹಳದಿ), ಬಿಸಿಲು ತಾಗಿದ ನೆತ್ತಿಗೆ. ಮೂರೂ ಒಂದೇ ಬೇರಿನಿಂದ ಬಂದವಾದ್ದರಿಂದ ಕಲ್ಲು ಒಂದೇ ಕಲ್ಲಾಗಿ ಕಾಣುತ್ತದೆ. ಮೂರನೆಯ ಗುಡ್ಡೆಯಲ್ಲಿ ಬ್ರಷ್ ಅದ್ದಿ ಎರಡನೆಯದರ ಅಂಚಿಗೆ ಎಳೆದರೆ ಸಿಗುವ ಆ ನಡುಬಣ್ಣವಿದೆಯಲ್ಲ, ಬಂಡೆ ಗುಂಡಗಾಗುವುದು ಅದರಿಂದಲೇ. ಗುಡ್ಡೆಗಳು ಹಸಿಯಾಗಿರುವಷ್ಟು ಹೊತ್ತೂ ಅದು ಸಿಗುತ್ತಿರುತ್ತದೆ.

ಮಾರನೆಯ ದಿನದ ಲಾಭ ಇನ್ನೂ ದೊಡ್ಡದು. ಹಸಿಯಾಗಿರುವಾಗ ಅಕ್ರಿಲಿಕ್‌ನ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಅದಕ್ಕೇ ಬಣ್ಣ ಒಣಗಿದ ಮೇಲೆ ಕೊಂಚ ಗಾಢವಾಗಿ ಕಾಣುವುದು, ನಿನ್ನೆಯ ಒಣಗಿದ ಬಣ್ಣಕ್ಕೆ ಇಂದು ಹಸಿ ಬಣ್ಣ ಹೊಂದಿಸಲು ಹೋದವರು ಸೋಲುವುದು. ನಿನ್ನೆಯ ಗುಡ್ಡೆಯೇ ಉಳಿದಿದ್ದರೆ ಹೊಂದಿಸುವ ಮಾತೇ ಇಲ್ಲ. ಮುಚ್ಚಳ ಹಾಕಿ ಬಿಸಿಲು ತಾಗದ ಕಡೆ ಇಟ್ಟರೆ ಬಣ್ಣ ಹಲವು ದಿನ ಉಳಿಯುತ್ತದೆ. ಆದರೆ ದಿನದಿನಕ್ಕೆ ನೀರು ಕುಡಿದು ತೆಳುವಾಗುತ್ತದೆ, ಕೆಳಗಿನ ಪದರವನ್ನು ಮುಚ್ಚುವ ಶಕ್ತಿ ಕಡಿಮೆಯಾಗುತ್ತದೆ. ಮೂರನೆಯ ದಿನ ಟ್ಯೂಬಿನಿಂದ ಅದೇ ಬಣ್ಣಗಳನ್ನು ಅದೇ ಪಾಲಿನಲ್ಲಿ ಸ್ವಲ್ಪ ಸೇರಿಸಿ ಗಟ್ಟಿ ಮಾಡಿಕೊಳ್ಳಬೇಕು.

ಎಲ್ಲ ಕೆಲಸಕ್ಕೂ ಇದು ಹೊಂದುವುದಿಲ್ಲ. ನೈಫ್‌ನಿಂದ ದಪ್ಪವಾಗಿ ಬಣ್ಣ ಮೆತ್ತುವವರಿಗೆ ಬೇಡವೇ ಬೇಡ. ಬಣ್ಣ ಸಡಿಲವಾಗುತ್ತದೆ, ನೈಫ್‌ನ ಅಂಚಿಗೆ ಕಾಗದವೂ ಹರಿಯುತ್ತದೆ. ಬಂಗಾರ, ಬೆಳ್ಳಿಯ ಮೆಟಾಲಿಕ್ ಬಣ್ಣಗಳನ್ನು ಬೇರೆ ತಟ್ಟೆಯಲ್ಲಿಡಿ, ಇಲ್ಲದಿದ್ದರೆ ಅವುಗಳ ಮಿನುಗುಚೂರು ಕಾಗದದ ತುಂಬ ಹರಡಿ ಉಳಿದ ಬಣ್ಣಗಳಿಗೂ ಸೇರುತ್ತದೆ. ಅಗಲ ಜಾಗಕ್ಕೆ ಒಂದೇ ಬಣ್ಣ ತುಂಬುವವರಿಗೂ ಇದರಿಂದ ಉಪಯೋಗವಿಲ್ಲ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 1967ರಲ್ಲಿ ಕ್ಯಾಲಿಫೋರ್ನಿಯಾದ ಈಜುಕೊಳದ ಹೆಸರಾಂತ ಚಿತ್ರವನ್ನು ಅಕ್ರಿಲಿಕ್‌ನಲ್ಲೇ ಮಾಡಿದರು. ಅದರ ಸಮತಟ್ಟು ಆಕಾಶ, ಗೋಡೆಗಳನ್ನು ರೋಲರ್‌ನಿಂದ ಹಚ್ಚಿದ್ದು. ಅಂಥದ್ದಕ್ಕೆ ಬೇಗ ಒಣಗುವುದೇ ವರ. ಆದರೆ ಅದೇ ಚಿತ್ರದಲ್ಲಿ ನೀರು ಚಿಮ್ಮಿದ ಒಂದು ಕ್ಷಣವನ್ನು ಸಣ್ಣ ಬ್ರಷ್ಷುಗಳಿಂದ ಬಿಡಿಸಲು ಅವರಿಗೆ ಸುಮಾರು ಎರಡು ವಾರ ಹಿಡಿಯಿತು. ವೆಟ್ ಪ್ಯಾಲೆಟ್ ಬೇಕಾಗುವುದು ಆ ಬಗೆಯ ನಿಧಾನದ ಕೆಲಸಕ್ಕೆ.

ಬಣ್ಣ ಒಣಗುವುದನ್ನು ತಡಮಾಡಲು ಅದಕ್ಕೆ ಬೆರೆಸುವ ರಿಟಾರ್ಡರ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಆರು ಪಾಲು ಬಣ್ಣಕ್ಕೆ ಒಂದು ಪಾಲು ಮೀರಿದರೆ ಕ್ಯಾನ್ವಾಸ್ ಮೇಲೆ ಬಣ್ಣ ದಿನಗಟ್ಟಲೆ ಅಂಟಂಟಾಗಿಯೇ ಉಳಿದು ಧೂಳು ಹಿಡಿಯುತ್ತದೆ. ವೆಟ್ ಪ್ಯಾಲೆಟ್ ಬಣ್ಣವನ್ನು ಪ್ಯಾಲೆಟ್‌ನಲ್ಲಿ ಮಾತ್ರ ಕಾಯುತ್ತದೆ, ಕ್ಯಾನ್ವಾಸ್ ಮೇಲೆ ಅದು ಎಂದಿನಂತೆ ಒಣಗುತ್ತದೆ. ಒಂದರ ಮೇಲೊಂದು ತೆಳು ಪದರ ಹಚ್ಚುವವರಿಗೆ ಇದೇ ಒಳ್ಳೆಯದು.

ಮನೆಯಲ್ಲೇ ಮಾಡಿಕೊಳ್ಳುವವರು ರಬ್ಬರ್ ಪಟ್ಟಿಯಿರುವ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ಅಡುಗೆಕಟ್ಟೆ ಒರೆಸುವ ಸ್ಪಾಂಜ್ ಬಟ್ಟೆ ಎರಡು ಪದರ, ಕೇಕ್ ಮಾಡುವವರು ಬಳಸುವ ಬೇಕಿಂಗ್ ಪೇಪರ್ ತಂದುಕೊಂಡರೆ ಸಾಕು. ಎಲ್ಲ ಸೇರಿ 300–400 ರೂಪಾಯಿಯೊಳಗೆ ಮುಗಿಯುತ್ತದೆ. ಎಡವುವುದು ಕಾಗದದಲ್ಲಿ. ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೇಳಿದರೆ ಮೇಣ ಸವರಿದ್ದನ್ನೂ ಕೊಡುತ್ತಾರೆ, ಅದರಲ್ಲಿ ನೀರು ಏರುವುದೇ ಇಲ್ಲ. ಚೂರೊಂದನ್ನು ಒದ್ದೆ ಸ್ಪಾಂಜ್ ಮೇಲೆ ಹಾಸಿ ಹತ್ತು ನಿಮಿಷ ಬಿಟ್ಟು ಮೇಲ್ಮೈ ಮುಟ್ಟಿ ನೋಡಿ; ತಂಪಾಗಿ, ತುಸು ತೇವವಾಗಿದ್ದರೆ ಆಗುತ್ತದೆ. ಟ್ರೇಸಿಂಗ್ ಪೇಪರ್ ಮುದುರಿ ಎಳೆ ಬಿಡುತ್ತದೆ.

ಸಣ್ಣ ಕ್ಯಾನ್ವಾಸ್ ಮಾಡುವವರು, ಈಗಷ್ಟೇ ಕಲಿಯುತ್ತಿರುವವರು ಮನೆಯ ಡಬ್ಬಿಯಿಂದಲೇ ಶುರು ಮಾಡಿ. ಎರಡು ಅಡಿಗಿಂತ ದೊಡ್ಡ ಕ್ಯಾನ್ವಾಸನ್ನು ವಾರಗಟ್ಟಲೆ ಮಾಡುವವರಿಗೆ 12x16ರ ಡಬ್ಬಿಗೆ ಕೊಟ್ಟ ದುಡ್ಡು ದಂಡವಲ್ಲ.

ಸ್ಪಾಂಜನ್ನು ವಾರಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ತೊಳೆಯಬೇಕು, ತಡವಾದರೆ ಬೂಷ್ಟು ಹಿಡಿದು ನಾರುತ್ತದೆ. ಉಳಿದ ಬಣ್ಣವನ್ನು ಸಿಂಕಿನಲ್ಲಿ ತೊಳೆಯಬೇಡಿ, ಪೈಪಿನೊಳಗೆ ಅಂಟಿ ಕಟ್ಟಿಕೊಳ್ಳುತ್ತದೆ. ಕಾಗದವನ್ನು ಹೊರತೆಗೆದು ಒಣಗಿಸಿ, ಮಡಿಸಿ ಒಣಕಸಕ್ಕೆ ಹಾಕಿ.