ದಾವಣಗೆರೆಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವಿನ ಆರೈಕೆ

ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಕೀವಾಗಿದ್ದ ಏಳು ವರ್ಷದ ಮಗಳನ್ನು ಹೊಳಲ್ಕೆರೆಯಿಂದ ರಾತ್ರೋರಾತ್ರಿ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆತಂದೆವು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಅದರ ಕೌಶಲವನ್ನು ಅಳೆಯುವ ಅರ್ಹತೆ ನನಗಿಲ್ಲ. ಆನಂತರದ ನೋವನ್ನು ಅಲ್ಲಿ ಹೇಗೆ ನೋಡಿಕೊಂಡರು ಎಂಬುದಷ್ಟೇ ಈ ಬರಹದ ವಿಷಯ.

ಸೋಂಕು ಹರಡಿರುವಾಗ ಬೆನ್ನಿಗೆ ಸೂಜಿ ಹಾಕಿ ಮರಗಟ್ಟಿಸುವುದು ಬೇಡವೆಂದೂ, ಮಾರ್ಫಿನ್ ಬಗೆಯ ಔಷಧ ಹೆಚ್ಚಾದರೆ ವಾಂತಿಯ ಜೊತೆಗೆ ಕರುಳಿನ ಚಲನೆಯೂ ನಿಧಾನವಾಗುತ್ತದೆಂದೂ ವಿವರಿಸಿದ ಅರಿವಳಿಕೆ ತಜ್ಞರು, ಲಿಗ್ನೋಕೇನನ್ನು ರಕ್ತನಾಳದ ಮೂಲಕ ಕೊಡುವ ವಿಚಾರವನ್ನು ಮುಂದಿಟ್ಟರು. 1943ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ, ಹಲ್ಲು ಕೀಳುವ ಮುನ್ನ ಒಸಡಿಗೆ ಚುಚ್ಚುವ ಔಷಧವೇ ಇದು. ಹಲ್ಲಿನ ಮದ್ದು ಹೊಟ್ಟೆಯ ನೋವಿಗೇಕೆ ಎಂದು ನನ್ನ ಪತ್ನಿ ಕೇಳಿದಾಗ, ರಕ್ತದಲ್ಲಿ ಅಲ್ಪ ಪ್ರಮಾಣದಲ್ಲಿದ್ದರೆ ಅದು ಯಾವ ಭಾಗವನ್ನೂ ಮರಗಟ್ಟಿಸದೆ, ಕೆರಳಿದ ನರಗಳನ್ನೂ ಉರಿಯೂತವನ್ನೂ ತಣಿಸುತ್ತದೆ ಎಂದು ಸಾವಧಾನವಾಗಿ ಹೇಳಿದರು. ದೊಡ್ಡವರಲ್ಲಿ ಇದರ ಬಳಕೆ ಹೆಚ್ಚು, ಮಕ್ಕಳಲ್ಲಿ ಪುರಾವೆ ಇನ್ನೂ ಕಡಿಮೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ನಾವು ಒಪ್ಪಿದ್ದು ಆ ಮಾತಿಗಾಗಿಯೇ. ಆದರೆ ಸಹಿ ಹಾಕಿದ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬಾಯಲ್ಲಿ ಕನ್ನಡದಲ್ಲಿ ಹೇಳಿದ್ದನ್ನು ಕಾಗದದ ಮೇಲೂ ಹೇಳಬಹುದಿತ್ತು.

ಪ್ರಮಾಣವು ತೂಕವನ್ನೇ ಅವಲಂಬಿಸಿರುವುದರಿಂದ, ನಾವು ಹೇಳಿದ ತೂಕವನ್ನು ನಂಬದೆ ಶಸ್ತ್ರಚಿಕಿತ್ಸೆಗೆ ಮೊದಲೇ ಅವರೇ ತೂಗಿ 20 ಕಿಲೋ ಎಂದು ಬರೆದುಕೊಂಡಿದ್ದರು. ಮೊದಲು ಹತ್ತು ನಿಮಿಷಗಳಲ್ಲಿ 30 ಮಿಲಿಗ್ರಾಂ, ಬಳಿಕ ಸಿರಿಂಜ್ ಪಂಪಿನಿಂದ ಗಂಟೆಗೆ 20 ಮಿಲಿಗ್ರಾಂ. ರಾತ್ರಿಯಿಡೀ ಇಸಿಜಿ ನಡೆಯುತ್ತಿತ್ತು. ಗಾಯದ ಸುತ್ತ ಮತ್ತೆ ಅದೇ ಬಗೆಯ ಮದ್ದು ಚುಚ್ಚಬಾರದೆಂದು ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ತುಟಿ ಜುಮ್ಮೆನ್ನುತ್ತಿದೆಯೇ, ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯೇ, ಬಾಯಿಗೆ ಲೋಹದ ರುಚಿ ಬರುತ್ತಿದೆಯೇ ಎಂದು ಸಿಸ್ಟರ್ ಆಗಾಗ ಕೇಳುತ್ತಿದ್ದರು, ಏಕೆಂದರೆ ಔಷಧ ಮಿತಿಮೀರಿದರೆ ಮೊದಲು ಕಾಣಿಸುವ ಈ ಲಕ್ಷಣಗಳ ಹಿಂದೆಯೇ ಫಿಟ್ಸ್, ಹೃದಯದ ಬಡಿತದ ಏರುಪೇರು ಬರಬಹುದು. ಅಂಥ ಸಂದರ್ಭದಲ್ಲಿ ಔಷಧದ ವಿಷಪರಿಣಾಮವನ್ನು ತಗ್ಗಿಸಲು ರಕ್ತನಾಳಕ್ಕೆ ಕೊಡುವ 20 ಶೇಕಡಾ ಕೊಬ್ಬಿನ ದ್ರಾವಣದ ಬಾಟಲಿಯನ್ನು ಅದೇ ಕೋಣೆಯಲ್ಲಿ ಇಟ್ಟಿದ್ದರು. ಮಾತು ಬಾರದ ಕೂಸಿಗೆ ಇದನ್ನೆಲ್ಲ ಕೇಳುವುದು ಹೇಗೆ ಎಂಬ ಪ್ರಶ್ನೆ ನನ್ನಲ್ಲಿ ಉಳಿದೇ ಇದೆ. ನಮ್ಮವಳು ಮಾತ್ರ ಮುಖಗಳ ಚಿತ್ರಪಟದಲ್ಲಿ ಬೆರಳಿಟ್ಟು ತನ್ನ ನೋವನ್ನು ತೋರಿಸುತ್ತಿದ್ದಳು. ಬೆಳಗಿನ ಜಾವ ಒಮ್ಮೆ ಅಳುವ ಮುಖವನ್ನು ತೋರಿಸಿದಾಗ ಐದೇ ನಿಮಿಷದಲ್ಲಿ ವೈದ್ಯರು ಬಂದರು.

ಮರುದಿನ ಮಧ್ಯಾಹ್ನ ಪಂಪ್ ನಿಲ್ಲಿಸಿ ಸಾಮಾನ್ಯ ವಾರ್ಡಿಗೆ ಕಳಿಸಿದ ಮೇಲೆ ಈ ಶಿಸ್ತೆಲ್ಲ ಮಾಯವಾಯಿತು. ಆರು ಗಂಟೆಗೊಮ್ಮೆ ಕೊಡಬೇಕಾದ 300 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸಂಜೆ ಆರರ ಬದಲು ಒಂಬತ್ತಕ್ಕೆ ಬಂತು, ಅದೂ ನಾನು ಮೂರು ಬಾರಿ ಕೌಂಟರಿಗೆ ಹೋಗಿ ಬಂದ ಮೇಲೆ. ಮುಖಗಳ ಚಿತ್ರಪಟ ವಾರ್ಡಿನಲ್ಲಿ ಇರಲೇ ಇಲ್ಲ. ದುಬಾರಿ ಪಂಪಿಗೆ ಸಿಕ್ಕ ಗಮನದಲ್ಲಿ ಕಾಲುಭಾಗ ಸಿಕ್ಕಿದ್ದರೂ ಆ ಮೂರು ಗಂಟೆ ಅವಳು ಮೊಣಕಾಲು ಮಡಚಿಕೊಂಡು ನರಳಬೇಕಿರಲಿಲ್ಲ.

ಲಿಖಿತ ದೂರು ಕೊಟ್ಟೆ. ಮೂರನೆಯ ದಿನ ಒಬ್ಬ ಸಿಸ್ಟರ್ ಚಿತ್ರಪಟದ ಜೆರಾಕ್ಸ್ ಪ್ರತಿಯೊಂದನ್ನು ತಂದು ಮಂಚದ ಕಂಬಿಗೆ ಪ್ಲಾಸ್ಟರಿನಿಂದ ಅಂಟಿಸಿದರು. ಮಗಳು ನಗುವ ಮುಖದ ಪಕ್ಕದ್ದನ್ನು ತೋರಿಸಿ, ಮಂಡಕ್ಕಿ ಮಿರ್ಚಿ ಯಾವಾಗ ತಿನ್ನಬಹುದು ಎಂದು ಅವರನ್ನೇ ಕೇಳಿದಳು.